ಜೆಂಕಿನ್ಸ್, ಫ್ಯಾರಿಷ್ (1940–2012)

ಅಮೆರಿಕದ ಅಂಗರಚನಾ ವಿಜ್ಞಾನಿ ಮತ್ತು ಪ್ರಾಗ್ಜೀವಿ ವಿಜ್ಞಾನಿ. ಪೂರ್ಣ ಹೆಸರು ಫ್ಯಾರಿಷ್ ಆಲ್ಸ್ಟನ್ ಜೆಂಕಿನ್ಸ್ (ಜೂನಿಯರ್). ನಾಲ್ಕು ದಶಕಗಳ ಕಾಲ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ಈತನ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಂಡದ್ದು ಬಹುಪಾಲು ಟಿಕ್ಟಾಲಿಕ್ ಎಂಬ ಮೀನಿನ ಪಳೆಯುಳಿಕೆಯ ಜೊತೆಗೆ. ಆದರೆ ಈತನ ವಿದ್ವತ್ತಿಗೆ ಬುನಾದಿ ಬಿದ್ದದ್ದು ಅದಕ್ಕೆ ಬಹಳ ಹಿಂದೆ, ಮೂವತ್ತರ ಆಸುಪಾಸಿನ ವಯಸ್ಸಿನಲ್ಲಿ, ಇಲಿಯಂಥ ಸಣ್ಣ ಪ್ರಾಣಿಗಳು ನಡೆಯುವಾಗ ಅವುಗಳ ಮೂಳೆಗಳು ಏನು ಮಾಡುತ್ತವೆ ಎಂದು ಎಕ್ಸ್‌ರೇ ಮೂಲಕ ನೋಡಿದಾಗ.

ಹುಟ್ಟಿದ್ದು 1940ರ ಮೇ 19ರಂದು, ನ್ಯೂಯಾರ್ಕಿನಲ್ಲಿ. 1961ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಿಂದ ಭೂವಿಜ್ಞಾನದಲ್ಲಿ ಪದವಿ ಪಡೆದು, ಕೆಲಕಾಲ ಅಮೆರಿಕದ ಮೆರೈನ್ ದಳದಲ್ಲಿ ಅಧಿಕಾರಿಯಾಗಿದ್ದ. ಆಮೇಲೆ ಯೇಲ್ ವಿಶ್ವವಿದ್ಯಾಲಯ ಸೇರಿ 1968ರಲ್ಲಿ ಡಾಕ್ಟರೇಟ್ ಮುಗಿಸಿದ. ದಕ್ಷಿಣ ಆಫ್ರಿಕದಿಂದ ಬಂದಿದ್ದ ಎ. ಡಬ್ಲ್ಯು. ಕ್ರಾಂಪ್ಟನ್ ಆಗ ಅಲ್ಲಿನ ಪೀಬಾಡಿ ವಸ್ತುಸಂಗ್ರಹಾಲಯದ ನಿರ್ದೇಶಕ. ಸಸ್ತನಿಗಳ ಮೂಲವನ್ನು ಹುಡುಕುವ ಗೀಳು ಜೆಂಕಿನ್ಸ್‌ಗೆ ಹತ್ತಿದ್ದರಲ್ಲಿ ಕ್ರಾಂಪ್ಟನ್ ಪಾತ್ರ ದೊಡ್ಡದು. ಇಬ್ಬರೂ ಸೇರಿ 1968ರಲ್ಲೇ ಅತ್ಯಂತ ಹಳೆಯ ಸಸ್ತನಿಗಳ ಹಲ್ಲುಗಳನ್ನು ಕುರಿತು ಬರೆದರು.

ಆ ಕಾಲದಲ್ಲಿ ಸಸ್ತನಿಗಳ ಪೂರ್ವಚರಿತ್ರೆಯೆಂದರೆ ಹೆಚ್ಚುಕಡಿಮೆ ಹಲ್ಲು, ದವಡೆ ಮತ್ತು ತಲೆಬುರುಡೆಯ ಚರಿತ್ರೆ. ಕಾರಣ ಸರಳ: ಹಲ್ಲಿನ ಎನಾಮಲ್ ಕೋಟ್ಯಂತರ ವರ್ಷ ಉಳಿಯುತ್ತದೆ, ಎಳೆಯ ಕಡ್ಡಿಯಷ್ಟು ತೆಳುವಾದ ಕಾಲಿನ ಮೂಳೆ ಉಳಿಯುವುದಿಲ್ಲ. ಜೆಂಕಿನ್ಸ್ ಪ್ರಬಂಧಕ್ಕೆ ಆರಿಸಿಕೊಂಡದ್ದು ಈ ಕಡೆಗಣಿಸಿದ ಭಾಗವನ್ನೇ. ಸಸ್ತನಿಗಳು ಕವಲೊಡೆದು ಬಂದ ಸೈನೋಡಾಂಟ್ ಎಂಬ ಬಳಗದ ಆಫ್ರಿಕದ ಪಳೆಯುಳಿಕೆಗಳಲ್ಲಿ ತಲೆಯ ಹಿಂದಿನ ಅಸ್ಥಿಪಂಜರ, ಎಂದರೆ ಬೆನ್ನು, ಪಕ್ಕೆಲುಬು, ಹೆಗಲು, ಸೊಂಟ, ಕಾಲುಗಳನ್ನು ಈತ ಅಭ್ಯಸಿಸಿದ. 1971ರಲ್ಲಿ ಪೀಬಾಡಿ ಸಂಗ್ರಹಾಲಯದ ಪ್ರಕಟಣೆಯಾಗಿ ಬಂದ ಈ ಗ್ರಂಥ ಇಂದಿಗೂ ಆ ವಿಷಯದ ಆಕರ.

ಆದರೆ ಮೂಳೆಗಳನ್ನು ವರ್ಣಿಸುವಾಗ ಒಂದು ತೊಡಕು ಎದುರಾಯಿತು. ಹಲ್ಲಿಯಂತೆ ಕಾಲು ಪಕ್ಕಕ್ಕೆ ಚಾಚಿ ತೆವಳುವುದು ಸರೀಸೃಪದ ನಡಿಗೆ, ಕಂಬದಂತೆ ದೇಹದ ಅಡಿಯಲ್ಲಿ ಕಾಲೂರುವುದು ಸಸ್ತನಿಯ ನಡಿಗೆ ಎಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. ಸೈನೋಡಾಂಟ್ ಇವೆರಡರ ನಡುವೆ ಎಲ್ಲಿ ನಿಲ್ಲುತ್ತದೆ? ಅಳೆಯಬೇಕಾದರೆ ಸಸ್ತನಿಯ ನಡಿಗೆ ಯಾವುದೆಂದು ಮೊದಲು ಖಚಿತವಾಗಬೇಕು. ಪುಸ್ತಕಗಳು ಕೊಟ್ಟ ಉದಾಹರಣೆಗಳೆಲ್ಲ ಕುದುರೆ, ನಾಯಿ, ಬೆಕ್ಕು. ಇವು ಓಟಕ್ಕೆ ಹೇಳಿಮಾಡಿಸಿದ ಪ್ರಾಣಿಗಳು. ಸಸ್ತನಿಗಳ ಪ್ರಭೇದಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಂಶಕಗಳು ಮತ್ತು ಬಾವಲಿಗಳು, ಆದಿಮ ಸಸ್ತನಿಗಳೂ ಇಲಿಯ ಗಾತ್ರದವು. ಕುದುರೆಯನ್ನು ಮಾದರಿಯಾಗಿಟ್ಟುಕೊಂಡು ಇವನ್ನು ಅಳೆಯುವುದು ಮೂಲದಲ್ಲೇ ತಪ್ಪಿದ ಲೆಕ್ಕ.

ಸಣ್ಣ ಪ್ರಾಣಿಯ ನಡಿಗೆಯನ್ನು ಬರಿಗಣ್ಣಿನಿಂದ ನೋಡುವುದರಲ್ಲಿ ಫಲವಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಛಾಯಾಗ್ರಾಹಕ ಮೈಬ್ರಿಜ್ ಓಡುವ ಕುದುರೆಯ ಸಾಲುಚಿತ್ರ ತೆಗೆದಿದ್ದ. ಅದೇ ಉಪಾಯ ಇಲಿಗೆ ಸಲ್ಲದು: ಮೊಣಕೈ, ಮೊಣಕಾಲು, ತೊಡೆ ಎಲ್ಲವೂ ಸಡಿಲವಾದ ಚರ್ಮ ಮತ್ತು ತುಪ್ಪಳದೊಳಗೆ ಅಡಗಿರುತ್ತವೆ, ಹೊರಗೆ ಕಾಣುವುದು ಪಾದ ಮಾತ್ರ. ಜೆಂಕಿನ್ಸ್ ಎಕ್ಸ್‌ರೇ ಚಲನಚಿತ್ರದ ತಂತ್ರಕ್ಕೆ ಮೊರೆಹೋದ. ನಡೆಯುತ್ತಿರುವ ಪ್ರಾಣಿಯ ಮೂಲಕ ಎಕ್ಸ್‌ರೇ ಹಾಯಿಸಿ, ಮೂಡಿದ ಬಿಂಬವನ್ನು ಸಿನಿಮಾ ಕ್ಯಾಮೆರಾದಲ್ಲಿ ಹಿಡಿಯುವುದು, ಒಮ್ಮೆ ಪಕ್ಕದಿಂದ, ಇನ್ನೊಮ್ಮೆ ಮೇಲಿನಿಂದ. ಎರಡನ್ನೂ ಕೂಡಿಸಿ ಓದಿದರೆ ಒಂದೊಂದು ಮೂಳೆಯೂ ಹೆಜ್ಜೆಯ ಯಾವ ಘಟ್ಟದಲ್ಲಿ ಯಾವ ಕೋನದಲ್ಲಿದೆ ಎಂದು ತಿಳಿಯುತ್ತದೆ. ತಂತ್ರ ಈತನ ಆವಿಷ್ಕಾರವಲ್ಲ, ಆದರೆ ಪಳೆಯುಳಿಕೆಯ ಪ್ರಶ್ನೆಗೆ ಜೀವಂತ ಪ್ರಾಣಿಯಿಂದ ಉತ್ತರ ಪಡೆಯಲು ಅದನ್ನು ಈತನಷ್ಟು ಪಟ್ಟಾಗಿ ಬಳಸಿದವರು ಆಗ ಇರಲಿಲ್ಲ.

1968ರಿಂದ 1971ರವರೆಗೆ ಜೆಂಕಿನ್ಸ್ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದ. ಮೊಟ್ಟೆಯಿಡುವ ಸಸ್ತನಿಯಾದ ಎಕಿಡ್ನಾದ ಕಾಲಿನ ಚಲನೆಯ ಬಗ್ಗೆ 1970ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ. ಮರುವರ್ಷ ಹೊಟ್ಟೆಚೀಲದ ಸಸ್ತನಿಯಾದ ವರ್ಜೀನಿಯಾ ಒಪೊಸಮ್ ಮತ್ತು ಓಟಗಾರರಲ್ಲದ ಇತರ ಸಸ್ತನಿಗಳನ್ನು ಕುರಿತ, ಈತನಿಗೆ ಹೆಸರು ತಂದ ಲೇಖನ ಬಂತು. ಹ್ಯಾಮ್‌ಸ್ಟರ್, ಇಲಿ, ಫೆರೆಟ್, ಟ್ರೀ ಶ್ರೂ ಮೊದಲಾದವನ್ನೂ ಅದರಲ್ಲಿ ಪರೀಕ್ಷಿಸಿದ್ದ. ಇವುಗಳ ತೋಳಿನ ಮೂಳೆಯಾಗಲಿ ತೊಡೆಯ ಮೂಳೆಯಾಗಲಿ ಕಂಬದಂತೆ ನೆಟ್ಟಗಿರಲಿಲ್ಲ. ಅಡ್ಡಕ್ಕೇ ಹೆಚ್ಚು ವಾಲಿಕೊಂಡು, ದೇಹದ ಉದ್ದಕ್ಕೆ ಸಮಾನಾಂತರವಾಗಿ ಚಲಿಸದೆ ಓರೆಯಾಗಿ ಬೀಸುತ್ತಿದ್ದವು. ಅಂದರೆ ಪಠ್ಯಪುಸ್ತಕದ ‘ಸಸ್ತನಿಯ ನಿಲುವು’ ಎಲ್ಲ ಸಸ್ತನಿಗಳ ಲಕ್ಷಣವಲ್ಲ, ಓಡುವ ಕೆಲವು ದೊಡ್ಡ ಪ್ರಾಣಿಗಳ ವಿಶೇಷ. ಮೊಣಕಾಲು ಮಡಚಿ, ಮೈ ತಗ್ಗಿಸಿ ನಡೆಯುವುದೇ ಸಣ್ಣ ಸಸ್ತನಿಗಳ ರೂಢಿ. ಹದಿಮೂರು ಪುಟದ ಈ ಬರಹ ಒಂದು ತಲೆಮಾರಿನ ಪಳೆಯುಳಿಕೆ ತಜ್ಞರು ತಮ್ಮ ರೇಖಾಚಿತ್ರಗಳನ್ನು ತಿದ್ದಿಕೊಳ್ಳುವಂತೆ ಮಾಡಿತು.

1971ರಲ್ಲಿ ಹಾರ್ವರ್ಡ್ ಸೇರಿದ ಮೇಲೆ ಇದೇ ಜಾಡು ಮುಂದುವರಿಯಿತು. ಕೊರಳೆಲುಬು ಇರುವ ಮತ್ತು ಇಲ್ಲದ ಸಸ್ತನಿಗಳಲ್ಲಿ ಹೆಗಲು ಹೇಗೆ ಚಲಿಸುತ್ತದೆ ಎಂಬುದನ್ನು 1974ರ ಲೇಖನ ಹೋಲಿಸಿತು. ಕೊರಳೆಲುಬು ಇರುವಲ್ಲಿ ಅದು ಹೆಗಲಿನ ಕೀಲನ್ನು ಎದೆಯೆಲುಬಿನಿಂದ ನಿಶ್ಚಿತ ದೂರದಲ್ಲಿ ಹಿಡಿದು, ಕೀಲು ಕಮಾನಿನಾಕಾರದಲ್ಲಿ ಸಾಗುವಂತೆ ಮಾಡುತ್ತದೆ.

ಅದೇ ವರ್ಷದ ಟ್ರೀ ಶ್ರೂ ಅಧ್ಯಯನ ಇನ್ನೂ ಸ್ವಾರಸ್ಯಕರ. ನೋಡಲು ಅಳಿಲಿನಂತಿರುವ ಈ ಗುಂಪಿನ ಒಂದು ಪ್ರಭೇದ ದಕ್ಷಿಣ ಭಾರತದಲ್ಲೂ ಇದೆ. ಜೆಂಕಿನ್ಸ್ ಅಭ್ಯಸಿಸಿದ್ದು ಆಗ್ನೇಯ ಏಷ್ಯದ ಟುಪಾಯವನ್ನು. ನೆಲ ಬಿಟ್ಟು ಮರ ಹತ್ತಿದ್ದೇ ವಾನರ ಕುಲದ ಹುಟ್ಟಿಗೆ ಕಾರಣವೆಂಬ ವಾದ ಆಗ ಪ್ರಬಲವಾಗಿತ್ತು. ಟುಪಾಯದ ನಡಿಗೆಯ ಆಧಾರದಿಂದ ಜೆಂಕಿನ್ಸ್ ಆ ವಾದದ ಬುಡಕ್ಕೇ ಕೈಹಾಕಿದ. ಆನೆಗೋ ಮನುಷ್ಯನಿಗೋ ಕಾಡಿನ ನೆಲ ಸಮತಟ್ಟು. ನೂರೈವತ್ತು ಗ್ರಾಂ ತೂಗುವ ಪ್ರಾಣಿಗೆ ಅದು ಬೇರು, ಕಲ್ಲು, ಮುರಿದ ಕೊಂಬೆಗಳ ರಾಶಿ, ಹೆಜ್ಜೆಹೆಜ್ಜೆಗೂ ಹತ್ತಿ ಇಳಿಯಲೇಬೇಕು. ಆದ್ದರಿಂದ ಆ ಗಾತ್ರದಲ್ಲಿ ನೆಲವಾಸಿ, ಮರವಾಸಿ ಎಂಬ ಗೆರೆ ನಿಜವಾಗಿ ಇಲ್ಲವೇ ಇಲ್ಲ, ಅದು ನಮ್ಮ ಗಾತ್ರದಿಂದ ನೋಡಿದಾಗ ಹುಟ್ಟಿದ ಗೆರೆ. ಜೆಂಕಿನ್ಸ್‌ನ ಬರಹಗಳಲ್ಲಿ ಅತ್ಯಂತ ಮೂಲಭೂತವಾದ ಒಳನೋಟ ಇದೆಂದು ಹೇಳಬಹುದು.

ಈ ಎಲ್ಲ ತಯಾರಿಯ ಫಲ 1976ರಲ್ಲಿ ಕಾಣಿಸಿತು. ಕೇಂಬ್ರಿಜ್‌ನ ಎಫ್. ಆರ್. ಪ್ಯಾರಿಂಗ್ಟನ್ ಜೊತೆ ಸೇರಿ ವೇಲ್ಸ್‌ನ ಇಯೋಜಾಸ್ಟ್ರೋಡಾನ್, ಆಫ್ರಿಕದ ಲೆಸೊಥೊ ದೇಶದ ಮೆಗಜಾಸ್ಟ್ರೋಡಾನ್ ಮತ್ತು ಎರಿತ್ರೋಥೀರಿಯಂ ಎಂಬ, ಸುಮಾರು ಇಪ್ಪತ್ತು ಕೋಟಿ ವರ್ಷ ಹಳೆಯ ಸಸ್ತನಿಗಳ ದೇಹದ ಮೂಳೆಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವಿವರಿಸಿದ. ಬೆರಳುದ್ದದ ಈ ಜೀವಿಗಳು ತೆವಳುವ ಅರೆ‑ಸರೀಸೃಪಗಳಾಗಿರದೆ ಚುರುಕಾಗಿ ಹತ್ತಿ ಇಳಿಯಬಲ್ಲ ಪ್ರಾಣಿಗಳಾಗಿದ್ದವು ಎಂಬ ಚಿತ್ರ ಅಲ್ಲಿ ಮೂಡಿತು. ಒಪೊಸಮ್ ಮತ್ತು ಟ್ರೀ ಶ್ರೂಗಳ ಎಕ್ಸ್‌ರೇ ಚಿತ್ರಗಳನ್ನು ಕಂಡ ಕಣ್ಣಿಗಷ್ಟೇ ಆ ಮುರುಕು ಮೂಳೆಗಳಲ್ಲಿ ಇಷ್ಟು ಓದಲು ಸಾಧ್ಯ.

ಅಳಿಲು ತಲೆ ಕೆಳಗಾಗಿ ತೆಂಗಿನ ಮರದಿಂದ ಸರಸರ ಇಳಿಯುವುದನ್ನು ಎಲ್ಲರೂ ಕಂಡಿದ್ದಾರೆ. ಸಾಕು ಬೆಕ್ಕಿಗೆ ಅದು ಆಗದು. ಅಳಿಲಿನ ಹಿಂಗಾಲಿನ ಪಾದ ಹಿಮ್ಮುಖವಾಗಿ ತಿರುಗಿ ತೊಗಟೆಗೆ ಉಗುರು ನಾಟಬಲ್ಲದು. ಈ ತಿರುವು ಪಾದದ ಯಾವ ಕೀಲುಗಳಲ್ಲಿ ನಡೆಯುತ್ತದೆ ಎಂಬುದನ್ನು ಜೆಂಕಿನ್ಸ್ ಡೆಬ್ರಾ ಮೆಕ್‌ಕ್ಲಿಯರ್ನ್ ಜೊತೆ 1984ರಲ್ಲಿ ತೋರಿಸಿದ. ಇದಕ್ಕೆ ಮುಂಚೆ, 1983ರಲ್ಲಿ ಡೇವಿಡ್ ಕ್ರಾಸ್ ಜೊತೆ, ಉತ್ತರ ಅಮೆರಿಕದ ಮಲ್ಟಿಟ್ಯೂಬರ್ಕ್ಯುಲೇಟ್ ಎಂಬ ಅಳಿದುಹೋದ ಸಸ್ತನಿಗಳ ಪಾದದಲ್ಲೂ ಇಂಥದೇ ಸಾಮರ್ಥ್ಯವಿತ್ತೆಂದು ತೋರಿಸಿದ್ದ.

ನಂತರದ ಕೆಲಸದ ಹರವು ದೊಡ್ಡದು. 1988ರಲ್ಲಿ ಗಾಳಿಸುರಂಗದಲ್ಲಿ ಹಾರುವ ಸ್ಟಾರ್ಲಿಂಗ್ ಹಕ್ಕಿಯ ಎಕ್ಸ್‌ರೇ ಚಿತ್ರ ತೆಗೆದು, ಅದರ ಕವಲು ಎಲುಬು ರೆಕ್ಕೆ ಬಡಿದಂತೆ ಸ್ಪ್ರಿಂಗಿನ ಹಾಗೆ ಹಿಗ್ಗಿ ಕುಗ್ಗುತ್ತದೆಂದು ಕೆನೆತ್ ಡಯಲ್, ಜಾರ್ಜ್ ಗೋಸ್ಲೋ ಜೊತೆ ಸಾಬೀತುಪಡಿಸಿದ. ಅರಿಜೋನದಿಂದ, ಇಂದು ಕಾಲಿಲ್ಲದ ಉಭಯಚರಗಳಾದ ಸಿಸಿಲಿಯನ್‌ಗಳ ಗುಂಪಿನ, ಕಾಲುಗಳಿದ್ದ ಪಳೆಯುಳಿಕೆ (1993), ಪೂರ್ವ ಗ್ರೀನ್‌ಲೆಂಡಿನಿಂದ ಹರಾಮಿಯಾವಿಯ ಎಂಬ ಪುರಾತನ ಜೀವಿ (1997) ಬೆಳಕಿಗೆ ಬಂದವು. 2004ರಲ್ಲಿ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಸಿಕ್ಕ, ಸುಮಾರು 37.5 ಕೋಟಿ ವರ್ಷ ಹಳೆಯ ಟಿಕ್ಟಾಲಿಕ್ಕನ್ನು ಎಡ್ವರ್ಡ್ ಡೆಷ್ಲರ್ ಮತ್ತು ತನ್ನ ಶಿಷ್ಯ ನೀಲ್ ಶೂಬಿನ್ ಜೊತೆ 2006ರಲ್ಲಿ ಪ್ರಕಟಿಸಿದ.

ಅಧ್ಯಾಪಕನಾಗಿಯೂ ಜೆಂಕಿನ್ಸ್ ಹೆಸರುವಾಸಿ. ತರಗತಿಗೆ ಗಂಟೆಗಳ ಮುಂಚೆ ಬಂದು ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಸ್ನಾಯು ಮೂಳೆಗಳ ಚಿತ್ರ ಬರೆಯುತ್ತಿದ್ದ. ಮನುಷ್ಯನ ನಡಿಗೆಯ ಪಾಠಕ್ಕೆ ಮರದ ಕಾಲು ಕಟ್ಟಿಕೊಂಡು ‘ಮೋಬಿ ಡಿಕ್’ ಕಾದಂಬರಿಯ ಕ್ಯಾಪ್ಟನ್ ಏಹಬ್‌ನ ವೇಷದಲ್ಲಿ ಬಂದದ್ದನ್ನು ವಿದ್ಯಾರ್ಥಿಗಳು ಮರೆತಿಲ್ಲ. ಕಶೇರುಕ ಪ್ರಾಗ್ಜೀವಿ ವಿಜ್ಞಾನ ಸಂಘದ ರೋಮರ್–ಸಿಂಪ್ಸನ್ ಪದಕ ಈತನಿಗೆ ಸಂದಿತ್ತು. 2012ರ ನವೆಂಬರ್ 11ರಂದು ನಿಧನನಾದ.

ಸಣ್ಣ ಸಸ್ತನಿಗಳ ನಡಿಗೆಯ ಅಧ್ಯಯನ ಜೆಂಕಿನ್ಸ್ ನಿಲ್ಲಿಸಿದಲ್ಲೇ ನಿಂತಿಲ್ಲ. ಜರ್ಮನಿಯ ಯೇನಾದಲ್ಲಿ ಮಾರ್ಟಿನ್ ಫಿಷರ್ ತಂಡ 2002ರಲ್ಲಿ ಹಲವು ಪ್ರಭೇದಗಳನ್ನು ಹೋಲಿಸಿ, ಮುಂಗಾಲಿನ ಹೆಜ್ಜೆಗೆ ಅತಿ ಹೆಚ್ಚಿನ ಪಾಲು ಹೆಗಲೆಲುಬಿನದೆಂದು ತೋರಿಸಿತು. ಜೆಂಕಿನ್ಸ್‌ನ ಶಿಷ್ಯ ಸ್ಟೀಫನ್ ಗೇಟ್ಸಿ ಮತ್ತು ಸಹೋದ್ಯೋಗಿಗಳು ಬ್ರೌನ್ ವಿಶ್ವವಿದ್ಯಾಲಯದಲ್ಲಿ ಎಕ್ಸ್‌ರೇ ಚಿತ್ರಗಳನ್ನು ಕಂಪ್ಯೂಟರಿನ ಮೂರು ಆಯಾಮದ ಮೂಳೆಗಳ ಜೊತೆ ಹೊಂದಿಸುವ ವಿಧಾನ ರೂಪಿಸಿದ್ದಾರೆ. ಅಳತೆಗಳು ಈಗ ಬಹಳ ನಿಖರ. ಆದರೂ ಟಿಕ್ಟಾಲಿಕ್ ತಂದ ಪ್ರಸಿದ್ಧಿಗಿಂತ 1971ರ ಒಪೊಸಮ್ ಲೇಖನವೇ ಜೆಂಕಿನ್ಸ್‌ನ ದೊಡ್ಡ ಕೊಡುಗೆ: ಸಸ್ತನಿಯ ನಿಲುವನ್ನು ಕುರಿತ ಚರ್ಚೆ ಇವತ್ತಿಗೂ ಅಲ್ಲಿಂದಲೇ ಶುರುವಾಗುತ್ತದೆ.