ಬಸವನನ್ನು ಬಿಡುವುದು

ತಂದೆ ತೀರಿಕೊಂಡ ಹನ್ನೊಂದನೆಯ ದಿನ ಹೋರಿಗರುವೊಂದನ್ನು ಪೂಜಿಸಿ, ಅದರ ಒಂದು ಮಗ್ಗುಲಿಗೆ ಚಕ್ರವನ್ನೂ ಇನ್ನೊಂದಕ್ಕೆ ತ್ರಿಶೂಲವನ್ನೂ ಮುದ್ರೆಯೊತ್ತಿ, ಲೋಕಕ್ಕೆ ಬಿಟ್ಟುಕೊಡಬೇಕೆಂದು ಧರ್ಮಶಾಸ್ತ್ರಗಳು ವಿಧಿಸಿದ ವೃಷೋತ್ಸರ್ಗಕ್ಕೂ, ಮಗುವಿನ ಜ್ವರ ಇಳಿದರೆ ಕೊಟ್ಟಿಗೆಯ ಗಂಡುಕರುವನ್ನು ದೇವರಿಗೆ ಒಪ್ಪಿಸುವೆನೆಂದು ಹಳ್ಳಿಯ ತಾಯಿಯೊಬ್ಬಳು ಹೊರುವ ಹರಕೆಗೂ, ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಸೀಮೆಯ ಆಡುಮಾತಿನಲ್ಲಿ ಹೆಸರು ಒಂದೇ: ಬಸವನನ್ನು ಬಿಡುವುದು.

ಇಲ್ಲಿ ಬಿಡುವುದೆಂದರೆ ಕೈಬಿಡುವುದಲ್ಲ. ಬಿ. ಎಲ್. ರೈಸರು 1905ರಲ್ಲಿ ಪ್ರಕಟಿಸಿದ, ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವನ್ನು ತಿರುವಿದವರು ಬಲ್ಲರು: ದೇವರಿಗೆ ಗದ್ದೆಬೆದ್ದಲುಗಳನ್ನು ದತ್ತಿಯಾಗಿ ಕೊಟ್ಟುದನ್ನು ಹೇಳುವಾಗಲೂ ಶಾಸನಕಾರರು ಬಳಸಿದುದು ಈ ಕ್ರಿಯಾಪದವನ್ನೇ. ಬಿಟ್ಟ ಭೂಮಿಯಂತೆ ಬಿಟ್ಟ ಬಸವನೂ ಒಬ್ಬನ ಸ್ವತ್ತಾಗಿ ಉಳಿಯದೆ ಊರಿನ ಸ್ವತ್ತಾಗುತ್ತಿತ್ತು. ಅನ್ಯರ ಹೊಲಕ್ಕೆ ನುಗ್ಗಿದ ತುಡುಗು ದನವನ್ನು ದೊಡ್ಡಿಗೆ ಹೊಡೆದು, ಒಡೆಯನು ದಂಡವನ್ನೂ ಮೇವಿನ ವೆಚ್ಚವನ್ನೂ ತೆತ್ತು ಬಿಡಿಸಿಕೊಳ್ಳುವವರೆಗೆ ಕೂಡಿಹಾಕುವುದು ವಾಡಿಕೆಯಾಗಿದ್ದರೂ, ರಾಗಿಯ ತೆನೆಗೆ ಬಾಯಿ ಹಾಕಿದ ದೇವರ ಬಸವನನ್ನು ಅಲ್ಲಿಗೆ ಅಟ್ಟುವ ಎದೆಗಾರಿಕೆ ಸಾಮಾನ್ಯವಾಗಿ ಯಾರಿಗೂ ಬರುತ್ತಿರಲಿಲ್ಲ. ಈ ಸಹನೆಗೆ ಪ್ರತಿಫಲವೂ ಇತ್ತು. ಸುಲಕ್ಷಣದ ಹಳ್ಳಿಕಾರ್ ಹೋರಿಯಾದರೆ, ಬಿಟ್ಟವನ ಕೊಟ್ಟಿಗೆಯ ಒಂದು ಗೂಟ ಬರಿದಾದರೂ ಊರಿನ ಕೊಟ್ಟಿಗೆಗಳೆಲ್ಲ ಕರುಗಳಿಂದ ತುಂಬುತ್ತಿದ್ದುವು.

ಬಿಡಲಾರದವರು ಮಾರುತ್ತಿದ್ದರು. ಪುಷ್ಯಮಾಸದಲ್ಲಿ, ಸುಬ್ರಹ್ಮಣ್ಯನು ಪೂರ್ವಾಭಿಮುಖನಾಗಿಯೂ ನರಸಿಂಹನು ಪಶ್ಚಿಮಾಭಿಮುಖನಾಗಿಯೂ ನೆಲಸಿರುವ ಘಾಟಿ ಕ್ಷೇತ್ರದ ದನಗಳ ಜಾತ್ರೆಯಲ್ಲಿ, ದಲ್ಲಾಳಿಗಳು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವಾಗ, ಕೊಳ್ಳುವವನು ಎತ್ತಿನ ಹಲ್ಲನ್ನೂ ಸುಳಿಯನ್ನೂ ಪರೀಕ್ಷಿಸುವಷ್ಟೇ ಸೂಕ್ಷ್ಮವಾಗಿ ಮಾರುವವನು ಕೊಳ್ಳುವವನ ಮುಖವನ್ನು ಪರೀಕ್ಷಿಸುತ್ತಿದ್ದನು.

ಈ ವ್ಯವಸ್ಥೆಯ ಆಧಾರ ಭಕ್ತಿಯಷ್ಟೇ ಆಗಿರಲಿಲ್ಲ, ನೆಲವೂ ಆಗಿತ್ತು. ನೂರು ರಾಸುಗಳಿಗೆ 30 ಎಕರೆಯಂತೆ ಗೋಮಾಳವಿರಬೇಕೆಂದು ಕಂದಾಯದ ನಿಯಮವೇ ಹೇಳುತ್ತದೆ. ಆದರೆ ಗೋಮಾಳಗಳು ಬಡಾವಣೆಗಳಾಗಿ, 2008ರಲ್ಲಿ ದೇವನಹಳ್ಳಿಯ ಬಯಲಿನಿಂದ ವಿಮಾನಗಳು ಏಳತೊಡಗಿ, ಉಳುಮೆಯು ಟ್ರ್ಯಾಕ್ಟರಿಗೂ ಗರ್ಭಧಾರಣೆಯು ಸೂಜಿಗೂ ಸಂದ ಮೇಲೆ, ಬಸವನಿಗೆ ಮೇಯುವ ನೆಲವೂ ಇಲ್ಲ, ಮಾಡುವ ಕೆಲಸವೂ ಇಲ್ಲ ಎಂಬಂತಾಯಿತು. ಹಾಲಿಗಾಗಿ ತಂದ ಸೀಮೆಹಸುವಿನ ಗಂಡುಕರುವಂತೂ ಹುಟ್ಟುತ್ತಲೇ ಹೊರೆಯೆನಿಸಿತು. ಹನ್ನೆರಡು ವರ್ಷ ಮೀರಿದ ಎತ್ತನ್ನು ಪ್ರಮಾಣಪತ್ರದೊಡನೆ ಕಸಾಯಿಖಾನೆಗೆ ಕಳುಹಿಸಲು 1964ರ ಕಾಯಿದೆ ಕೊಟ್ಟಿದ್ದ ಅವಕಾಶವನ್ನು 2020ರ ಕಾಯಿದೆ ಮುಚ್ಚಿತು. ಪ್ರಾಣಿಯನ್ನು ಹಸಿವುನೀರಡಿಕೆಗಳಿಗೆ ಗುರಿಯಾಗುವಂತೆ ತ್ಯಜಿಸುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಿಂದಲೇ ಅಪರಾಧವಾಗಿದೆ. ಆದುದರಿಂದ ಉಳಿದುದು ಗೋಶಾಲೆಯ ಬಾಗಿಲು. ಮೈಸೂರಿನಲ್ಲಿ 1897ರಲ್ಲಿಯೇ ಪಿಂಜರಾಪೋಲು ಸ್ಥಾಪಿತವಾಗಿತ್ತು. ನಮ್ಮಲ್ಲಿ ಘಾಟಿಯ ಆಸುಪಾಸಿನಲ್ಲಿಯೇ, ಜಾತ್ರೆ ನೆರೆಯುವ ನೆಲದ ಸಮೀಪದಲ್ಲಿ, ರಾಷ್ಟ್ರೋತ್ಥಾನದ ಗೋಶಾಲೆಯಿದೆ.

ಮುದಿ ಎತ್ತನ್ನು ಗೋಶಾಲೆಗೆ ತಂದು, ಹಗ್ಗವನ್ನು ಬೇರೆಯವರ ಕೈಗಿತ್ತು, ಹಿಂತಿರುಗಿ ನೋಡದೆ ಹೊರಡುವ ರೈತನೂ 'ಬಿಟ್ಟು ಬಂದೆ' ಎಂದೇ ಹೇಳುತ್ತಾನೆ. ಅವನನ್ನು ಹಳಿಯುವುದು ಸುಲಭ, ನ್ಯಾಯವಲ್ಲ. ಅವನ ತಾತ ಬಿಟ್ಟ ಬಸವನನ್ನು ಊರಿನ ಹೊಲಗಳೆಲ್ಲ ಕೂಡಿ ಸಾಕಿದುವು, ಇವನದನ್ನು ಸಾಕಬೇಕಾದುದು ಗೋಶಾಲೆಯ ಒಂದು ಮೆದೆ. ಹಿಂದೆ ಗುಡಿ ಕಟ್ಟಿಸಿದವರು ನಂದಾದೀಪದ ಎಣ್ಣೆಗೂ ನೆಲ ಬಿಟ್ಟು ಹೋಗುತ್ತಿದ್ದರು. ಎತ್ತಿನ ಹಿಂದೆಯೇ, ವರ್ಷಕ್ಕೊಮ್ಮೆ ಕಣದ ಕೆಲಸ ಮುಗಿದಾಗ, ಒಂದು ಗಾಡಿ ರಾಗಿಹುಲ್ಲು ಅದೇ ಬಾಗಿಲಿಗೆ ಬಂದು ನಿಂತರೆ, ಆ ಹಳೆಯ ಕ್ರಿಯಾಪದದ ಅರ್ಥ ಮತ್ತೆ ಪೂರ್ತಿಯಾದೀತು.