ಮುಜರಾಯಿಯವರಿಗೊಂದು ಸಲಾಂ

ಕೊಲ್ಲೂರು ಮೂಕಾಂಬಿಕೆಯ ಸಂಜೆಯ ಆರತಿಯನ್ನು ಜನ 'ಸಲಾಂ ಮಂಗಳಾರತಿ' ಎನ್ನುತ್ತ ಬಂದಿದ್ದರು. ಮೇಲುಕೋಟೆಯ ಚೆಲುವನಾರಾಯಣನಿಗೆ 'ದೀವಟಿಗೆ ಸಲಾಂ'. ದೇವರಿಗೆ ಅರಬ್ಬೀ ತಿಳಿಯದೇನೋ ಎಂಬ ಅನುಮಾನ ಬಹುಕಾಲ ಯಾರನ್ನೂ ಕಾಡಿದಂತಿಲ್ಲ. ಟಿಪ್ಪು ಸುಲ್ತಾನ್ ಕೊಲ್ಲೂರಿಗೆ ಬಂದು ಸಲಾಂ ಮಾಡಿದ್ದನೆಂಬುದು ಐತಿಹ್ಯ. ಶಾಸನದ ಆಧಾರವೆಲ್ಲಿ ಎನ್ನುವವರು ಕೇಳಲಿ. ಅಂಥದೊಂದು ಕತೆಯನ್ನು ಗುಡಿಯವರೇ ಜೋಪಾನ ಮಾಡಿಕೊಂಡು ಬಂದರಲ್ಲ, ನಮಗೆ ಆ ಚರಿತ್ರೆಯೇ ದೊಡ್ಡದು.

2022ರ ಡಿಸೆಂಬರಿನಲ್ಲಿ ಮುಜರಾಯಿ ಇಲಾಖೆ ಈ ಸಲಾಂಗಳನ್ನೆಲ್ಲ 'ನಮಸ್ಕಾರ'ವಾಗಿ ಬದಲಿಸುವುದಾಗಿ ಪ್ರಕಟಿಸಿತು. ಕನ್ನಡಕ್ಕೆ, ಸಂಸ್ಕೃತಕ್ಕೆ ಮರಳುವ ಉತ್ಸಾಹ. ಆದರೆ 'ಇಲಾಖೆ' ಅರಬ್ಬೀ ಮೂಲದ್ದು. 'ಮುಜರಾಯಿ'ಯೊಳಗಿನ 'ಮುಜರಾ' ಕೂಡ ಅಲ್ಲಿಯದೇ. ಲೆಕ್ಕದಲ್ಲಿ ಕಳೆದುಕೊಡುವ, ಬಿಟ್ಟುಕೊಡುವ ಮೊತ್ತಕ್ಕೆ ಆ ಹೆಸರು. ಹಿಂದಿ ಸಿನಿಮಾದಲ್ಲಿ ಅದು ಕೋಠಾದ ಕುಣಿತವೆನ್ನಿ. ಮರಾಠಿಯಲ್ಲಾದರೋ ಅದಕ್ಕೆ ಗೌರವದ ಅರ್ಥ: ಬಾಗಿ ಸಲ್ಲಿಸುವ ವಂದನೆ. ಶಿವಾಜಿ ಮಹಾರಾಜರಿಗೆ ಮರಾಠಿಗರು ಇಂದಿಗೂ ಸಲ್ಲಿಸುವುದು ಮುಜರಾವನ್ನೇ. ಅಂದರೆ ಸಲಾಮನ್ನು ಗುಡಿಯಿಂದ ಹೊರಗೆ ಕಳಿಸಿದ್ದು ಇನ್ನೊಂದು ಸಲಾಮು!

ಬದಲಿಯಾಗಿ ಬಂದ ಪದದ ಕತೆ ಇನ್ನೂ ಸ್ವಾರಸ್ಯ. ಮುಸ್ಲಿಮರ ಐದು ಹೊತ್ತಿನ ಪ್ರಾರ್ಥನೆಗೆ ಕುರ್‌ಆನ್ ಬಳಸುವ ಪದ 'ಸಲಾತ್'. ನಾವು ಆಡುವ 'ನಮಾಜ್' ಪಾರಸಿಯದು, ಇರಾನಿಗೆ ಇಸ್ಲಾಮ್ ಬರುವ ಮೊದಲೇ ಅಲ್ಲಿದ್ದದ್ದು. ಭಾಷಾವಿಜ್ಞಾನಿಗಳು ಅದನ್ನು ಸಂಸ್ಕೃತದ 'ನಮಸ್' ಪದದ ಬಳಗಕ್ಕೆ ಸೇರಿಸುತ್ತಾರೆ. ಸಲಾಮನ್ನು ಎಬ್ಬಿಸಿ ಆ ಜಾಗದಲ್ಲಿ ಕೂರಿಸಿದ್ದು ನಮಾಜಿನ ಒಡಹುಟ್ಟನ್ನು.