ಮಾಹಿತಿ ಜ್ಯಾಮಿತಿಯ ಇತಿಹಾಸ

ಸಂಭವನೀಯತಾ ವಿತರಣೆಗಳ ಒಂದು ಕುಟುಂಬವನ್ನು ಬಾಗಿದ ಮೇಲ್ಮೈಯೆಂದೂ ಪ್ರತಿ ವಿತರಣೆಯನ್ನು ಅದರ ಮೇಲಿನ ಬಿಂದುವೆಂದೂ ಎಣಿಸುವ ಸಂಖ್ಯಾಶಾಸ್ತ್ರದ ಶಾಖೆ ಮಾಹಿತಿ ಜ್ಯಾಮಿತಿ. ಸರಾಸರಿ 50 ಮತ್ತು 52 ಇರುವ ಎರಡು ಸಾಮಾನ್ಯ ವಿತರಣೆಗಳ ಮಾನಕ ವಿಚಲನೆ 1 ಆಗಿದ್ದರೆ ಕೆಲವೇ ಅಳತೆಗಳಿಂದ ಅವನ್ನು ಬೇರ್ಪಡಿಸಬಹುದು; 20 ಆಗಿದ್ದರೆ ನೂರಾರು ಅಳತೆಗಳೂ ಸಾಲದೆ ಹೋಗಬಹುದು. ಹಾಗಾಗಿ ಎರಡೂ ಕಡೆ ವ್ಯತ್ಯಾಸ 2 ಎಂಬ ಲೆಕ್ಕದಿಂದ ಅಂದಾಜಿಗೆ ಪ್ರಯೋಜನವಿಲ್ಲ, ಬೇರೆ ಬಗೆಯ ದೂರವೇ ಬೇಕು. ನಿಯತಾಂಕದ ಸಣ್ಣ ಬದಲಾವಣೆಯನ್ನು ದತ್ತಾಂಶ ಎಷ್ಟು ಚುರುಕಾಗಿ ಗುರುತಿಸಬಲ್ಲದು ಎಂಬುದಕ್ಕೆ ಆರ್. ಎ. ಫಿಶರ್ 1920ರ ದಶಕದಲ್ಲಿ ‘ಮಾಹಿತಿ’ ಎಂಬ ಅಳತೆ ಕೊಟ್ಟಿದ್ದರು. ಅದನ್ನು ರೀಮಾನ್ ಜ್ಯಾಮಿತಿಯ ದೂರಮಾನವಾಗಿ ಕಾಣಬಹುದೆಂದು ಹೆರಾಲ್ಡ್ ಹೋಟೆಲಿಂಗ್ 1930ರ ಸುಮಾರಿಗೇ ಒಂದು ಸಾರಾಂಶದಲ್ಲಿ ಸೂಚಿಸಿದ್ದರು. ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ 1945ರಲ್ಲಿ ಕಲ್ಕತ್ತಾ ಗಣಿತ ಸಂಘದ ಪತ್ರಿಕೆಯಲ್ಲಿ ಬರೆದ ಲೇಖನದ ಹೆಚ್ಚುಗಾರಿಕೆ ಎಂದರೆ, ಅಂದಾಜಿನ ನಿಖರತೆಯ ಮಿತಿಯನ್ನೂ ವಿತರಣೆಗಳ ನಡುವಿನ ದೂರವನ್ನೂ ಅದು ಫಿಶರ್ ಅಳತೆಯ ಬಹುನಿಯತಾಂಕ ರೂಪವಾದ ಒಂದೇ ಮಾಹಿತಿ ಮಾತೃಕೆಯಿಂದ ಪಡೆಯಿತು. ಮಿತಿಯ ಸೂತ್ರ ಬೇಗನೆ ಪಠ್ಯಪುಸ್ತಕ ಸೇರಿತು. ಜ್ಯಾಮಿತಿಯ ಭಾಗ ಸುಮಾರು 30 ವರ್ಷ ಹೆಚ್ಚಿನವರ ಗಮನಕ್ಕೆ ಬರಲಿಲ್ಲ.

ಈ ಉಪೇಕ್ಷೆಯ ಹಿಂದೆ ಒಂದು ಆಕ್ಷೇಪವಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ: ಕಲನದಿಂದ ಸಾಧಿಸಿದ್ದನ್ನೇ ಜ್ಯಾಮಿತಿ ಮತ್ತೊಂದು ಭಾಷೆಯಲ್ಲಿ ಹೇಳುತ್ತದಷ್ಟೆ ಎಂಬುದು. ಇದರಲ್ಲಿ ಸತ್ಯಾಂಶವಿದೆ. ದೊಡ್ಡ ಮಾದರಿಯನ್ನು ಗರಿಷ್ಠ ಸಂಭಾವ್ಯತೆಯ ಒಂದೇ ಅಂದಾಜಿಗೆ ಇಳಿಸಿದಾಗ ಆಗುವ ಮಾಹಿತಿ ನಷ್ಟವನ್ನು ಫಿಶರ್ 1925ರಲ್ಲೇ ಲೆಕ್ಕಹಾಕಿದ್ದರು, ರಾವ್ 1961ರಲ್ಲಿ ಬೆಳೆಸಿದ್ದರು. ಆದರೆ ಆ ಸೂತ್ರದಲ್ಲಿದ್ದ ತೊಡಕಿನ ಮೊತ್ತ ಯಾವುದರ ಅಳತೆ ಎಂದು ಬ್ರಾಡ್ಲಿ ಎಫ್ರಾನ್ 1975ರಲ್ಲಿ ತೋರಿಸುವವರೆಗೆ ತಿಳಿದಿರಲಿಲ್ಲ: ಅದು ಕುಟುಂಬದ ವಕ್ರತೆಯ ವರ್ಗ. ಘಾತೀಯ ಕುಟುಂಬ ನೇರವಾದದ್ದು, ಅಲ್ಲಿ ನಷ್ಟ ಸೊನ್ನೆ. ಬಾಗು ಹೆಚ್ಚಿದಷ್ಟೂ ನಷ್ಟ ಹೆಚ್ಚು. ಯಾವ ಸಮಸ್ಯೆಯಲ್ಲಿ ಸಾಮಾನ್ಯ ವಿಧಾನವನ್ನು ನಂಬಬಾರದು ಎಂಬ ಮುನ್ಸೂಚನೆ ಇದರಿಂದ ಸಿಕ್ಕಿತು. ಇದು ಬರೀ ಭಾಷಾಂತರದಿಂದ ಸಿಗುವಂಥದ್ದಲ್ಲ.

ದೂರಮಾನವನ್ನು ಮನಬಂದಂತೆ ಆರಿಸಿಕೊಳ್ಳಬಹುದಲ್ಲವೇ ಎಂಬ ಇನ್ನೊಂದು ಆಕ್ಷೇಪಕ್ಕೆ ಸೋವಿಯತ್ ಗಣಿತಜ್ಞ ಎನ್. ಎನ್. ಚೆಂಟ್ಸೋವ್ ಅವರ 1972ರ ಗ್ರಂಥದಲ್ಲಿ ಉತ್ತರವಿದೆ. ದತ್ತಾಂಶವನ್ನು ಮಾಹಿತಿ ಕಳೆಯದೆ ಬೇರೆ ರೂಪಕ್ಕೆ ತಂದರೂ ಬದಲಾಗದ ದೂರಮಾನ, ಪರಿಮಿತ ಫಲಿತಗಳ ಪ್ರಯೋಗಗಳಲ್ಲಿ, ಸ್ಥಿರ ಗುಣಕವೊಂದನ್ನು ಬಿಟ್ಟರೆ ಫಿಶರ್ ಮಾಹಿತಿಯೊಂದೇ. ದೂರಮಾನವೊಂದೇ ಸಾಲದೆಂಬುದೂ ನಿಜ: ಎಫ್ರಾನ್ ಅಳೆದ ನೇರ ಎಂದರೆ ಅತಿ ಸಮೀಪದ ದಾರಿಯಲ್ಲ. 1980ರ ದಶಕದಲ್ಲಿ ಶುನ್‌ಇಚಿ ಅಮಾರಿ ಮತ್ತು ಹಿರೋಶಿ ನಾಗಾಓಕ ಒಂದಕ್ಕೊಂದು ಜೋಡಿಯಾದ ಎರಡು ಬಗೆಯ ನೇರಗಳ ಸಿದ್ಧಾಂತ ಕಟ್ಟಿ ಈ ಕೊರತೆ ತುಂಬಿದರು. ಅಮಾರಿ 1998ರಲ್ಲಿ ಇದೇ ಜ್ಯಾಮಿತಿಯನ್ನು ನರಜಾಲಗಳ ಕಲಿಕೆಗೆ ಅನ್ವಯಿಸಿದರು. ಆ ವಿಧಾನಕ್ಕೆ ಬೇಕಾದ ಮಾಹಿತಿ ಮಾತೃಕೆಯ ವಿಲೋಮದ ಲೆಕ್ಕ ದೊಡ್ಡ ಜಾಲಗಳಲ್ಲಿ ದುಬಾರಿಯಾದ್ದರಿಂದ ಅಲ್ಲಿ ಅದರ ಸ್ಥೂಲ ರೂಪಗಳನ್ನು ಬಳಸುತ್ತಾರೆ.